ಹಸಿ ಸೊಪ್ಪು, ವಂಶವಾಹಿ ಮತ್ತು ಶ್ರೀ ಗ್ಯಾನಪ್ಪನವರ ಬಡ್ತಿ

ದಿನಾಂಕ: ೨೦-೦೧-೧೯೯೭, ಸೋಮವಾರ
ಹೊರಡಿಸಿದ ವೇಳೆ: ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ
ಸ್ಥಳ: ಉಪವಿಭಾಗ ಕಚೇರಿ, ಸಿಂಧನೂರು
ಸಂಖ್ಯೆ: ಸಿಬ್ಬಂದಿ/ಸೊಪ್ಪು/ಹೃದಯ/೧೭/೯೬-೯೭

ವಿಷಯ: ಹೃದ್ರೋಗವು ವಂಶದಲ್ಲಿಯೇ ಇದೆಯೆಂಬ ಕಾರಣದ ಮೇಲೆ ಬಡ್ತಿಯನ್ನು ನಿರಾಕರಿಸುವ ಬಗ್ಗೆ, ಹಾಗೂ ಸದರಿ ವಂಶವನ್ನು ಹತೋಟಿಯಲ್ಲಿಡುವ ಉದ್ದೇಶದಿಂದ ಕಚೇರಿ ವೇಳೆಯಲ್ಲಿ ಹಸಿ ಸೊಪ್ಪು ತಿನ್ನುವ ಬಗ್ಗೆ.

ಉಲ್ಲೇಖ:
೧. ಶ್ರೀ ಗ್ಯಾನಪ್ಪನವರ ಬಡ್ತಿ ಆದೇಶ, ದಿ. ೧೧-೧೧-೧೯೯೬.
೨. ಈ ಕಚೇರಿಯಲ್ಲಿ ನಡೆದ ಆರೋಗ್ಯ ಉಪನ್ಯಾಸ, ದಿ. ೧೮-೧೧-೧೯೯೬.
೩. ಬಡ್ತಿ ನಿರಾಕರಣೆ ಪತ್ರ, ದಿ. ೨೫-೧೧-೧೯೯೬ (ಆಡು ತಿಂದಿದೆ).
೪. ಅದೇ ಪತ್ರ, ದಿ. ೦೨-೧೨-೧೯೯೬ (ಆಡು ತಿಂದಿಲ್ಲ).
೫. ಶ್ರೀಮತಿ ಮುದುಕಮ್ಮನವರ ಹೇಳಿಕೆ, ದಿ. ೧೬-೦೧-೧೯೯೭.

ಪೀಠಿಕೆ

ಈ ಕಚೇರಿಯ ಪ್ರಥಮ ದರ್ಜೆ ಸಹಾಯಕರಾದ ಶ್ರೀ ಗ್ಯಾನಪ್ಪನವರು ತಮ್ಮ ಇಪ್ಪತ್ತೇಳು ವರ್ಷಗಳ ಸೇವೆಯಲ್ಲಿ ಒಂದು ಕಡತವನ್ನೂ ಕಳೆದವರಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ, ಯಾವ ಆದೇಶಕ್ಕೂ ಒಲ್ಲೆನೆಂದವರಲ್ಲ. ಅಂಥವರು, ತಮ್ಮನ್ನು ಲಿಂಗಸುಗೂರು ಕಚೇರಿಗೆ ಅಧೀಕ್ಷಕರನ್ನಾಗಿ ನೇಮಿಸಿದ ಆದೇಶಕ್ಕೆ ಒಲ್ಲೆನೆಂದು ಬರೆದುಕೊಟ್ಟಾಗ ಕಚೇರಿಯಲ್ಲಿ ಉಂಟಾದ ಆಶ್ಚರ್ಯವನ್ನು ಇಲ್ಲಿ ದಾಖಲಿಸುವ ಅಗತ್ಯ ಕಂಡುಬಂದಿಲ್ಲ. ಕಾರಣವನ್ನು ಮಾತ್ರ ದಾಖಲಿಸಲಾಗಿದೆ.

ಕಾರಣವು ಉಲ್ಲೇಖ (೨)ರ ಉಪನ್ಯಾಸದಿಂದ ಹುಟ್ಟಿದ್ದು. ಧಾರವಾಡದಿಂದ ಬಂದಿದ್ದ ಸಸ್ಯಶಾಸ್ತ್ರದ ಉಪನ್ಯಾಸಕರೊಬ್ಬರು ಅಂದು ಎರಡು ಭಾಗಗಳಲ್ಲಿ ಮಾತನಾಡಿದರು. ಹೃದಯದ ಕಾಯಿಲೆ ಎಷ್ಟೋ ವೇಳೆ ಮನೆತನದಲ್ಲಿ ಹರಿದು ಬರುತ್ತದೆ, ಅದರ ಬರಹ ಮೈಯ ಪ್ರತಿ ಜೀವಕೋಶದಲ್ಲಿ ವಂಶವಾಹಿ ಎಂಬ ರೂಪದಲ್ಲಿ ಇರುತ್ತದೆ, ಅದನ್ನು ಅಳಿಸಲು ಬಾರದು ಎಂಬುದು ಮೊದಲ ಭಾಗ. ಬರಹ ಇರುವುದು ಬೇರೆ, ಅದನ್ನು ಓದಿ ಜಾರಿಗೆ ತರುವುದು ಬೇರೆ. ಯಾವುದನ್ನು ಓದಬೇಕು, ಎಷ್ಟು ಓದಬೇಕು ಎಂಬುದು ಜೀವಕೋಶಕ್ಕೆ ಏನು ತಲಪುತ್ತದೆ ಎಂಬುದರ ಮೇಲೂ ನಿಂತಿದೆ. ಉಳ್ಳಾಗಡ್ಡಿಯಲ್ಲಿರುವ ಕ್ವೆರ್ಸೆಟಿನ್ ಎಂಬ ಅಂಶ, ಅಗಸಿ ಬೀಜದ ಎಣ್ಣೆಯಂಶ, ಸೊಪ್ಪಿನ ಕಹಿ ಇವುಗಳಲ್ಲಿ ಕೆಲವು ಅಲ್ಲಿಗೆ ಹೋಗಿ ಒಂದು ಬರಹವನ್ನು ತೆರೆಯಿಸುತ್ತವೆ, ಇನ್ನೊಂದನ್ನು ಮುಚ್ಚಿಸುತ್ತವೆ ಎಂಬುದು ಎರಡನೆಯ ಭಾಗ. ಇದನ್ನು ಗಾಜಿನ ತಟ್ಟೆಯಲ್ಲಿ ಮತ್ತು ಇಲಿಗಳಲ್ಲಿ ನೋಡಿದ್ದೇವೆ, ಮನುಷ್ಯರಲ್ಲಿ ಅಳೆಯುವುದು ಇನ್ನೂ ಬಹಳ ಉಳಿದಿದೆ ಎಂದೂ ಅವರು ಹೇಳಿದರು.

ಮೊದಲ ಭಾಗ ಮುಗಿಯುವ ಹೊತ್ತಿಗೆ ಟೆಲಿಫೋನು ರಿಂಗಣಿಸಿತು. ಎತ್ತಲು ಹೋದವರು ಶ್ರೀ ಗ್ಯಾನಪ್ಪನವರು. ಕರೆ ಲಿಂಗಸುಗೂರಿನದೇ ಆಗಿದ್ದು, ಹೊಸ ಅಧೀಕ್ಷಕರು ಯಾವಾಗ ಬರುತ್ತಾರೆಂದು ವಿಚಾರಿಸಲು ಮಾಡಿದ್ದಾಗಿತ್ತು. ಲೈನು ಮೂರು ಸಲ ಕಡಿದು ಮೂರು ಸಲ ಕೂಡಿ, ಅವರು ಒಳಗೆ ಮರಳಿದಾಗ ಎರಡೂ ಭಾಗ ಮುಗಿದು ಚಹಾ ಹಂಚಲಾಗುತ್ತಿತ್ತು. ಇತ್ತ ಜವಾನರಾದ ಶ್ರೀ ಬುಡ್ಡೇಸಾಬ್ ಅವರು ಚಹಾ ತರಲು ಹೊರಗೆ ಹೋಗಿದ್ದರಿಂದ ಮೊದಲ ಭಾಗವನ್ನು ಕೇಳಿರಲಿಲ್ಲ; ಎರಡನೆಯದನ್ನು ಪೂರ್ತಿ ಕೇಳಿದ್ದರು. ಹೀಗೆ ಒಂದೇ ಉಪನ್ಯಾಸದಿಂದ ಈ ಕಚೇರಿಯಲ್ಲಿ, ಸಾಯುವುದು ಖಚಿತವೆಂದು ತಿಳಿದ ಒಬ್ಬರೂ, ಸೊಪ್ಪು ತಿಂದರೆ ಸಾಯುವುದೇ ಇಲ್ಲವೆಂದು ತಿಳಿದ ಒಬ್ಬರೂ ಏಕಕಾಲಕ್ಕೆ ತಯಾರಾದರು.

ಕಚೇರಿ ಮುಖ್ಯಸ್ಥರು ನಿರಾಕರಣೆಗೆ ಕಾರಣ ಕೇಳಲಾಗಿ ಶ್ರೀ ಗ್ಯಾನಪ್ಪನವರು ಮೌಖಿಕವಾಗಿ ನೀಡಿದ ವಿವರಣೆಯನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಲಾಗಿದೆ: "ನಮ್ಮಪ್ಪ ಐವತ್ತೆರಡಕ್ಕ ಹೋದ್ರಿ, ದಢೇಸುಗೂರು ಕಾಲುವಿ ದಂಡಿ ಮ್ಯಾಲ, ಕೈಯಾಗ ಸಲಿಕಿ ಹಿಡಕೊಂಡು. ನಮ್ಮಣ್ಣನೂ ಐವತ್ತೆರಡಕ್ಕ ಹೋದ. ಬರೂ ಜೂನ್ ಒಂದಕ್ಕ ನನಗ ಐವತ್ತೆರಡು ಆಗತೈತಿ. ಅಲ್ಲಿ ಹೋಗಿ ಚಾರ್ಜ್ ತಗೊಂಡು, ಕಡತ ಗುರ್ತು ಹಿಡಿಯೂದರಾಗ ನಾ ಇರಂಗಿಲ್ಲ. ಮತ್ತ ಯಾರೋ ಬಂದು ಮತ್ತ ಚಾರ್ಜ್ ತಗೋಬೇಕು. ಸುಮ್ನ ಇಲಾಖೆಗೆ ಎರಡು ಸಲ ತ್ರಾಸು ಯಾಕ್ರಿ ಮೇಡಂ?"

ತಮ್ಮ ಮರಣದಿಂದ ಇಲಾಖೆಗೆ ತೊಂದರೆಯಾಗಬಾರದೆಂಬ ಈ ಕಾಳಜಿಯನ್ನು ಕಚೇರಿಯು ಮೆಚ್ಚುಗೆಯಿಂದ ಗಮನಿಸಿದೆ. ಆದರೆ ಬಡ್ತಿ ನಿರಾಕರಿಸಲು ಇರುವ ಕಾರಣಗಳ ಪಟ್ಟಿಯಲ್ಲಿ ಇದು ಇರುವುದಿಲ್ಲ. ಜೇಬಿನಲ್ಲಿ ಪೆನ್ನು ಹುಡುಕುವ ನೆಪದಲ್ಲಿ ಸದರಿಯವರು ದಿನಕ್ಕೆ ಹದಿನೇಳು ಬಾರಿ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿರುವುದು ಡಿಸೆಂಬರ್ ತಿಂಗಳಲ್ಲಿ ಗಮನಕ್ಕೆ ಬಂದಿದೆ. ಪೆನ್ನು ಕಿವಿಯ ಮೇಲಿತ್ತು.

ಈ ನಡುವೆ ಶ್ರೀ ಬುಡ್ಡೇಸಾಬ್ ಅವರು ಉಪನ್ಯಾಸದ ಎರಡನೆಯ ಭಾಗವನ್ನು ಶ್ರೀ ಗ್ಯಾನಪ್ಪನವರ ಪತ್ನಿ ಶ್ರೀಮತಿ ಗಾಳೆಮ್ಮನವರಿಗೆ ಸಂತೆಯಲ್ಲಿ ತಿಳಿಸಿದ್ದರಿಂದ, ಮರುದಿನದಿಂದಲೇ ಬುತ್ತಿಯ ಸ್ವರೂಪ ಬದಲಾಯಿತು. ಅನ್ನದ ಡಬ್ಬಿಯ ಬದಲು ನಾಲ್ಕು ಜೋಳದ ರೊಟ್ಟಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ ಹಾಗೂ ತೊಳೆದ ಹಕ್ಕರಕಿ ಸೊಪ್ಪು ಒಂದು ಬುಟ್ಟಿ. ಶ್ರೀ ಗ್ಯಾನಪ್ಪನವರು ಅದನ್ನು ಬೇಡವೆನ್ನಲಿಲ್ಲ. ಸಾವಿನ ಆದೇಶ ಒಮ್ಮೆ ಆಗಿಬಿಟ್ಟಿದೆ, ಸೊಪ್ಪು ಅದರ ಮೇಲಿನ ಮೇಲ್ಮನವಿ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು ಎಂಬುದು ಅವರ ನಿಲುವಾಗಿತ್ತು. ಅಂದರೆ ಸೊಪ್ಪನ್ನೂ ತಿನ್ನುವುದು, ಬಡ್ತಿಯನ್ನೂ ಒಲ್ಲೆನೆನ್ನುವುದು. ಈ ಬಗ್ಗೆ ಶ್ರೀಮತಿ ಗಾಳೆಮ್ಮನವರು ಕಚೇರಿಗೆ ಖುದ್ದಾಗಿ ಬಂದು ಹೇಳಿದ್ದು: "ಸಾಯಾಕ ತಾರೀಕು ಹಾಕ್ಕೊಂಡು ಕುಂತಾರ ನೋಡ್ರಿ. ಮಗಳ ಲಗ್ನ ಅಂದ್ರ ಜೂನ್ ಆಗಲಿ ಅಂತಾರ, ಮನಿಗೆ ಸುಣ್ಣ ಅಂದ್ರ ಜೂನ್ ಆಗಲಿ ಅಂತಾರ. ಬದಕಾಕ ಒಂದು ತಾರೀಕು ಹಾಕ್ರಿ ಅಂತ ನೀವರ ಹೇಳ್ರಿ."

ಒಬ್ಬರನ್ನು ನೋಡಿ ಉಳಿದ ಹನ್ನೊಂದು ನೌಕರರೂ ಸೊಪ್ಪಿಗೆ ತೊಡಗಿದ್ದರಿಂದ, ಹಾಗೂ ದಿ. ೨೦-೦೧-೧೯೯೭ರ ಬೆಳಿಗ್ಗೆ ೧೦-೩೦ರೊಳಗೆ ಲಿಂಗಸುಗೂರಿನಲ್ಲಿ ಹಾಜರಾಗದಿದ್ದಲ್ಲಿ ಬಡ್ತಿಯು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುವುದೆಂದು ಮೇಲಧಿಕಾರಿಗಳು ತಿಳಿಸಿದ್ದರಿಂದ, ಕೆಳಕಂಡಂತೆ ಸೂಚಿಸುವುದು ಅನಿವಾರ್ಯವಾಗಿದೆ.

ಸೂಚನೆಗಳು

೧. ಈ ಸುತ್ತೋಲೆಯಲ್ಲಿ "ಸೊಪ್ಪು" ಎಂದರೆ ಹಕ್ಕರಕಿ, ಮೆಂತ್ಯೆ, ಎಳೆಯ ಮೂಲಂಗಿ ಎಲೆ ಮತ್ತು ರೊಟ್ಟಿಯ ಜೊತೆ ಬೇಯಿಸದೆ ತಿನ್ನುವ ಇತರ ಎಲೆಗಳು. ಕೊತ್ತಂಬರಿಯನ್ನು ಅಲಂಕಾರವೆಂದು ಪರಿಗಣಿಸಲಾಗಿದೆ. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರುವ ಎಲೆಗಳಿಗೆ ಈ ಕಚೇರಿಯ ಕನ್ನಡದಲ್ಲಿ ಹೆಸರಿಲ್ಲದ ಕಾರಣ ಅವನ್ನು "ಇತರೆ" ಎಂದು ನಮೂದಿಸಿ ತಿನ್ನತಕ್ಕದ್ದು.

೨. ವಂಶವಾಹಿಯು ನೌಕರರ ಸ್ವಂತ ಆಸ್ತಿಯಾಗಿದ್ದು, ತಪಾಸಣೆಯ ವೇಳೆ ಅದನ್ನು ಹಾಜರುಪಡಿಸುವ ಅಗತ್ಯವಿರುವುದಿಲ್ಲ. ಅದನ್ನು ಮಕ್ಕಳ ಹೊರತು ಬೇರೆ ಯಾರಿಗೂ ವರ್ಗಾಯಿಸಲಾಗದು. ವರ್ಗಾವಣೆಗೆ ಶಿಫಾರಸು ಪತ್ರ ತರಕೂಡದು.

೩. ವಂಶವಾಹಿ ಇದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ತಿಳಿಯಕೂಡದು. ಹಾಜರಿ ಪುಸ್ತಕದಲ್ಲಿ ಇರುವುದಕ್ಕೂ ಕುರ್ಚಿಯಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸವನ್ನು ಈ ಕಚೇರಿಯ ಸಿಬ್ಬಂದಿಗೆ ವಿವರಿಸಬೇಕಾಗಿಲ್ಲ.

೪. ಸೊಪ್ಪನ್ನು ಮಧ್ಯಾಹ್ನ ೧-೩೦ರಿಂದ ೨-೦೦ರವರೆಗೆ ಮಾತ್ರ ಅಗಿಯತಕ್ಕದ್ದು. ಬಾಯಲ್ಲಿ ಉಳಿದದ್ದನ್ನು ೨-೦೦ ಗಂಟೆಯ ನಂತರ ನುಂಗಲು ಅಡ್ಡಿಯಿಲ್ಲ, ಹೊಸದಾಗಿ ಅಗಿಯಕೂಡದು.

೫. ಸೊಪ್ಪು ಬಾಡಬಾರದೆಂದು ಅದನ್ನು ದಾಖಲೆಗಳ ಕಪಾಟಿನಲ್ಲಿ, ಕಡತಗಳ ನಡುವೆ ಇಡುವ ಪದ್ಧತಿಯನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ದಿ. ೨೬-೧೧-೧೯೯೬ರಂದು ಕಾಂಪೌಂಡಿನ ಸಂದಿಯಿಂದ ಬಂದ ಆಡೊಂದು ಎರಡು ಕಟ್ಟು ಹಕ್ಕರಕಿಯ ಜೊತೆಗೆ ಉಲ್ಲೇಖ (೩)ರ ಪತ್ರವನ್ನೂ ತಿಂದಿರುತ್ತದೆ. ಪತ್ರದ ಮೇಲೆ ಕೈಗೊಂಡ ಏಕೈಕ ಕ್ರಮ ಅದೇ ಆಗಿದ್ದು, ಆಡಿನ ವಂಶವಾಹಿಗಳ ಮೇಲೆ ಕಾಗದದ ಪರಿಣಾಮವೇನೆಂಬುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

೬. ಸೊಪ್ಪು ತಿಂದ ಎಷ್ಟು ದಿನಕ್ಕೆ ವಂಶವಾಹಿಯಿಂದ ಉತ್ತರ ಬರುತ್ತದೆಂದು ಕೇಳಕೂಡದು. ವಂಶವಾಹಿಗೆ ಜ್ಞಾಪನ ಪತ್ರ ಕಳಿಸುವ ವ್ಯವಸ್ಥೆ ಇಲ್ಲ. ಎರಡು ಪಟ್ಟು ತಿಂದರೆ ಅರ್ಧ ಸಮಯದಲ್ಲಿ ಇತ್ಯರ್ಥವಾಗುತ್ತದೆಂದು ನಂಬಿ ಡಿಸೆಂಬರ್ ಮೂರನೆಯ ವಾರದಲ್ಲಿ ಪ್ರಯೋಗ ಮಾಡಿದ ಶ್ರೀ ಬುಡ್ಡೇಸಾಬ್ ಅವರು ಎರಡು ದಿನ ಗೈರುಹಾಜರಾಗಿದ್ದು, ಕಾರಣವನ್ನು ರಜೆ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಅಷ್ಟು ಸ್ಪಷ್ಟತೆ ಅಗತ್ಯವಿರಲಿಲ್ಲ.

೭. ಸರ್ಕಾರಿ ದವಾಖಾನೆಯ ವೈದ್ಯರು ಶ್ರೀ ಗ್ಯಾನಪ್ಪನವರಿಗೆ ರಕ್ತದೊತ್ತಡಕ್ಕೆಂದು ದಿನಕ್ಕೊಂದು ಗುಳಿಗೆ ಬರೆದಿದ್ದು, ಉಪ್ಪಿನಕಾಯಿ ಬಿಡಲು ಹಾಗೂ ದಿನವೂ ನಡೆಯಲು ಹೇಳಿರುತ್ತಾರೆ. ಸೊಪ್ಪು ಗುಳಿಗೆಯ ಬದಲಿಗೆ ಅಲ್ಲ, ಗುಳಿಗೆಯ ಪಕ್ಕಕ್ಕೆ. ಅಲ್ಲದೆ ಒಬ್ಬನೇ ನೌಕರನು ಒಂದೇ ತಿಂಗಳಲ್ಲಿ ಗುಳಿಗೆ ನುಂಗಿ, ಉಪ್ಪಿನಕಾಯಿ ಬಿಟ್ಟು, ಕಾಲುವೆ ದಂಡೆಯ ಮೇಲೆ ನಡೆದು, ಸೊಪ್ಪನ್ನೂ ತಿಂದಿದ್ದಲ್ಲಿ, ಸುಧಾರಣೆಯ ಪೂರ್ಣ ಶ್ರೇಯಸ್ಸನ್ನು ಹಕ್ಕರಕಿಯ ಹೆಸರಿಗೆ ಬರೆಯಲು ವಿಜ್ಞಾನವು ಒಪ್ಪುವುದಿಲ್ಲ. ಸೊಪ್ಪು ಮಾರುವ ಶ್ರೀಮತಿ ಹುಸೇನಮ್ಮನವರಿಗೆ ಇದನ್ನು ತಿಳಿಸಲಾಗಿ ಅವರು, "ನಾ ಯಾವಾಗ ಹೆಸರು ಬರೀರಿ ಅಂದೀನಿ? ಬಾಡೂದರಾಗ ತಗೋರಿ" ಎಂದಿರುತ್ತಾರೆ.

ವಿಚಾರಣೆ

ನಿರಾಕರಣೆ ಪತ್ರದ ಜೊತೆ ಸಲ್ಲಿಸಿದ ವಂಶದ ವಿವರದಲ್ಲಿ ತಂದೆ, ಅಣ್ಣ ಎಂಬ ಎರಡು ಹೆಸರುಗಳ ಮುಂದೆ ಮಾತ್ರ ವಯಸ್ಸು ಇದ್ದು, ತಾತ ಎಂಬಲ್ಲಿ "ಗೊತ್ತಿಲ್ಲ" ಎಂದಿತ್ತು. ವಂಶವೆಂದ ಮೇಲೆ ಎರಡು ಹೆಸರಿನಲ್ಲಿ ಮುಗಿಯಲಾಗದು. ಆದ್ದರಿಂದ ದಿ. ೧೬-೦೧-೧೯೯೭ರಂದು ಕಚೇರಿ ಮುಖ್ಯಸ್ಥರು ಶ್ರೀ ಗ್ಯಾನಪ್ಪನವರ ಸೋದರತ್ತೆಯಾದ ಶ್ರೀಮತಿ ಮುದುಕಮ್ಮನವರನ್ನು ಮಸ್ಕಿ ಕಡೆಯ ಅವರ ಊರಿನಲ್ಲಿ ಭೇಟಿಯಾದರು. ಆಕೆ ಜೋಳದ ಹೊಲದಲ್ಲಿ ಸಾಲುಗಳ ನಡುವೆ ತಾನಾಗಿ ಬೆಳೆದ ಹಕ್ಕರಕಿಯನ್ನು ಕೀಳುತ್ತಿದ್ದರು. ಇಲಾಖೆಯ ಜೀಪು ಬಂದರೂ ಕೆಲಸ ನಿಲ್ಲಿಸದ ಕಾರಣ ಹೇಳಿಕೆಯನ್ನು ಅವರ ಹಿಂದೆ ಸಾಲು ಹಿಡಿದು ನಡೆಯುತ್ತಲೇ ಬರೆದುಕೊಳ್ಳಲಾಯಿತು. ಅಕ್ಷರ ಸೊಟ್ಟಗಿರುವುದಕ್ಕೆ ಇದೇ ಕಾರಣ.

ತಮ್ಮ ತಂದೆ, ಅಂದರೆ ಶ್ರೀ ಗ್ಯಾನಪ್ಪನವರ ತಾತ, ಹೃದಯದ ಕಾಯಿಲೆಯಿಂದ ಸತ್ತರೇ ಎಂದು ಕೇಳಲಾಗಿ ಆಕೆ ಮೊದಲು ಪ್ರಶ್ನೆಯನ್ನೇ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, "ಅವನ ಎದಿಗೆ ಏನಾಗಿತ್ತವ್ವ? ಎಂಬತ್ತು ದಾಟಿದ ಮ್ಯಾಲೂ ಹುಣಸಿ ಗಿಡ ಹತ್ತತಿದ್ದ. ಪಲ್ಯಾಕ ಚಿಗುರು ಬೇಕಂತ ಹತ್ತಿದ, ಟೊಂಗಿ ಮುರೀತು, ಬಿದ್ದ, ಸತ್ತ. ಎದಿ ನಿಂತು ಸತ್ತಿಲ್ಲ, ಟೊಂಗಿ ಮುರದು ಸತ್ತಾನ" ಎಂದರು.

ಹಾಗಾದರೆ ಅವರ ಮಗನಿಗೆ ಎದೆಯ ಕಾಯಿಲೆ ಎಲ್ಲಿಂದ ಬಂತೆಂದು ಕೇಳಲಾಯಿತು. ತನ್ನ ತಮ್ಮನು ಕಾಲುವೆ ನೀರು ಬಂತೆಂದು ದಢೇಸುಗೂರಿನ ಕಡೆ ಹೋಗಿ ಗದ್ದೆ ಮಾಡಿದನೆಂದೂ, ಅಲ್ಲಿ ಮೂರು ಹೊತ್ತು ಅನ್ನ, ಉಪ್ಪಿನಕಾಯಿ, ಮೇಲೆ ಬೀಡಿ ಎಂದೂ, ಗದ್ದೆಯಲ್ಲಿ ಹಕ್ಕರಕಿ ಬೆಳೆಯುವುದಿಲ್ಲವೆಂದೂ ಆಕೆ ತಿಳಿಸಿದರು. ತಾನು ಗಂಟು ಕಟ್ಟಿ ಕಳಿಸಿದರೆ, ಇದು ದನ ತಿನ್ನುವುದು ಎಂದು ತಿರುಗಿ ಕಳಿಸಿದ್ದನಂತೆ. ಅಂದರೆ ವಂಶವಾಹಿ ಮೂರೂ ತಲೆಮಾರಿಗೆ ಬಹುಮಟ್ಟಿಗೆ ಅದೇ ಇದ್ದು, ವರ್ಗಾವಣೆಯಾದದ್ದು ಊಟ. ಒಬ್ಬ ತಾತನಿಂದ ಶಾಸ್ತ್ರ ಸಿದ್ಧವಾಗುವುದಿಲ್ಲ, ಆ ವಂಶವಾಹಿ ತಾತನಲ್ಲಿ ಇತ್ತೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಆದರೆ ಒಂದು ಖಚಿತ ಮರಣದಂಡನೆಯನ್ನು ಅನುಮಾನಕ್ಕೆ ಒಳಪಡಿಸಲು ಒಬ್ಬ ತಾತ ಸಾಕೆಂದು ಕಚೇರಿಯು ಅಭಿಪ್ರಾಯಪಟ್ಟಿದೆ.

ಜೀಪು ಹತ್ತುವಾಗ, ಶ್ರೀ ಗ್ಯಾನಪ್ಪನವರಿಗೆ ಜೂನ್ ಒಂದಕ್ಕೆ ಐವತ್ತೆರಡು ತುಂಬುತ್ತದೆಂಬ ಭಯವಿದೆ ಎಂದು ಸಹಜವಾಗಿ ತಿಳಿಸಲಾಯಿತು. ಶ್ರೀಮತಿ ಮುದುಕಮ್ಮನವರು ಆಗ ಮೊದಲ ಬಾರಿಗೆ ಕೆಲಸ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿದರು. "ಗ್ಯಾನ ನನ್ನ ಹಿರಿ ಮಗಳಿಗಿಂತ ಆರು ತಿಂಗಳು ದೊಡ್ಡಾವ. ಆಕಿಗೆ ಐವತ್ನಾಕು ನಡದಾವ. ಅವಗ ಐವತ್ತೆರಡು ದಾಟಿ ಎರಡು ವರ್ಷ ಆತು. ಯಾರೂ ಹೇಳಿಲ್ಲೇನು ಅವಗ?"

ಯಾರೂ ಹೇಳಿರಲಿಲ್ಲ. ಶಾಲೆಯ ದಾಖಲೆಯನ್ನು ತರಿಸಿ ನೋಡಲಾಗಿ, ಅಂದು ಒಂದನೇ ಇಯತ್ತೆಗೆ ಸೇರಿದ ಹತ್ತೊಂಬತ್ತು ಹುಡುಗರೂ ೧೯೪೫ನೇ ಜೂನ್ ೧ರಂದೇ ಹುಟ್ಟಿರುವುದು ಕಂಡುಬಂದಿದೆ. ಆ ದಿನ ಹುಟ್ಟಿದವರು ಊರಿನಲ್ಲಿ ಯಾರೂ ಇರಲಿಲ್ಲವೆಂದು ಶ್ರೀಮತಿ ಮುದುಕಮ್ಮನವರ ಹೇಳಿಕೆ. ಅಣ್ಣನವರ ವಯಸ್ಸೂ ಅದೇ ಮಾಸ್ತರರ ಅಂದಾಜು. ತಂದೆಯವರದು ಮಣ್ಣು ಕೊಡಲು ಬಂದವರ ಅಂದಾಜು.

ದಿ. ೧೭ರಂದು ಇದೆಲ್ಲವನ್ನೂ ಶ್ರೀ ಗ್ಯಾನಪ್ಪನವರ ಗಮನಕ್ಕೆ ತರಲಾಯಿತು. ಅವರು ತಮ್ಮ ಸೇವಾ ಪುಸ್ತಕವನ್ನು ತರಿಸಿಕೊಂಡು, ಮೊದಲ ಪುಟದ ಮೇಲೆ ಬೆರಳಿಟ್ಟು ಕುಳಿತರು. ನಂತರ ಒಂದೇ ಒಂದು ಪ್ರಶ್ನೆ ಕೇಳಿದರು: "ಹಂಗಾರ ಐವತ್ತೆರಡು ದಾಟೂವಾಗ ನಾ ಏನು ಮಾಡಾಕತ್ತಿದ್ದೆ ಮೇಡಂ?" ಸದರಿ ವರ್ಷದ ಹಾಜರಿ ಪುಸ್ತಕವನ್ನು ಪರಿಶೀಲಿಸಿ ಉತ್ತರಿಸಲಾಯಿತು. ಆ ವರ್ಷ ಅವರು ಒಂದು ದಿನವೂ ರಜೆ ಹಾಕದೆ ಪತ್ರಗಳ ಆವಕ-ಜಾವಕ ಬರೆಯುತ್ತಿದ್ದರು.

ಮುಂದುವರಿದ ಸೂಚನೆಗಳು

೮. ಶ್ರೀ ಗ್ಯಾನಪ್ಪನವರನ್ನು ಸೇವಾ ವಿಷಯಗಳಿಗೆ ಐವತ್ತೊಂದು ವರ್ಷದವರೆಂದೂ, ಹೃದಯದ ವಿಷಯಗಳಿಗೆ ಐವತ್ನಾಲ್ಕು ವರ್ಷದವರೆಂದೂ ಪರಿಗಣಿಸತಕ್ಕದ್ದು. ಎರಡೂ ವಯಸ್ಸನ್ನು ಒಂದೇ ಅರ್ಜಿಯಲ್ಲಿ ಬಳಸಕೂಡದು. ವಂಶವಾಹಿಯು ಸೇವಾ ಪುಸ್ತಕವನ್ನು ಓದಿ ಕೆಲಸ ಮಾಡುತ್ತದೆಂದು ನಂಬಲು ಆಧಾರವಿಲ್ಲ.

೯. ಸೊಪ್ಪಿನಿಂದ ಸಾವು ಸಂಭವಿಸಿದ, ಈ ಕಚೇರಿಗೆ ತಿಳಿದ ಏಕೈಕ ಪ್ರಕರಣ ಸದರಿಯವರ ತಾತನದು. ಆದ್ದರಿಂದ ಎಂಬತ್ತು ವರ್ಷ ಮೇಲ್ಪಟ್ಟ ನೌಕರರು ಚಿಗುರಿಗಾಗಿ ಮರ ಹತ್ತುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಅಂಥ ನೌಕರರು ಸದ್ಯ ಯಾರೂ ಇಲ್ಲದಿದ್ದರೂ, ಸೊಪ್ಪು ತಿನ್ನುವುದನ್ನು ಮುಂದುವರಿಸಿದಲ್ಲಿ ಆಗುವ ಸಂಭವವಿದೆ.

೧೦. ಉಪನ್ಯಾಸದ ಮೊದಲ ಭಾಗ ಕೇಳಿದವರು ಎರಡನೆಯದನ್ನು ಕೇಳದೆ ಯಾವುದೇ ಪತ್ರ ಬರೆಯಕೂಡದು. ಎರಡನೆಯದನ್ನು ಮಾತ್ರ ಕೇಳಿದವರು ಬೇರೆಯವರ ಹೆಂಡತಿಯರಿಗೆ ಸಂತೆಯಲ್ಲಿ ವೈದ್ಯಕೀಯ ಸಲಹೆ ನೀಡಕೂಡದು. ಹಾಗೆ ನೀಡಿದ್ದರಿಂದ ಈ ಪ್ರಕರಣದಲ್ಲಿ ಒಳ್ಳೆಯದೇ ಆಗಿದ್ದರೂ ಅದನ್ನು ಪೂರ್ವನಿದರ್ಶನವೆಂದು ಪರಿಗಣಿಸಲಾಗದು.

ಆದೇಶ

ತಂದೆ ಮತ್ತು ಅಣ್ಣ ಇಬ್ಬರೂ ಹೃದಯದಿಂದಲೇ ಹೋಗಿರುವ ಮನೆತನದಲ್ಲಿ ಎಚ್ಚರಿಕೆ ಬೇಕೆಂಬುದನ್ನು ಕಚೇರಿಯು ಒಪ್ಪುತ್ತದೆ. ಭಯಕ್ಕೆ ಕಾರಣವಿದೆ; ತಾರೀಕಿಗೆ ಕಾರಣವಿಲ್ಲ. ಆದ್ದರಿಂದ ನಿರಾಕರಣೆ ಪತ್ರವನ್ನು ತಿರಸ್ಕರಿಸದೆ, ಹಿಂತೆಗೆದುಕೊಳ್ಳಲು ಸದರಿಯವರಿಗೇ ಬಿಡಲಾಗಿದೆ. ಜೀವ ಅವರದು, ಬಡ್ತಿ ಮಾತ್ರ ಇಲಾಖೆಯದು. ಶುಕ್ರವಾರ ಸಂಜೆ ಅವರು ಕೊಡೆ ತೆಗೆದುಕೊಂಡು ಮನೆಗೆ ಹೋಗಿರುತ್ತಾರೆ. ಇಂದು ಬೆಳಿಗ್ಗೆ ಇಲ್ಲಿ ಅವರ ಕುರ್ಚಿ ಖಾಲಿಯಿದ್ದು, ಈ ಪುಟವು ಬೆರಳಚ್ಚಾಗುವವರೆಗೆ ಯಾವ ಸಮಾಚಾರವೂ ಬಂದಿರುವುದಿಲ್ಲ. ಇಡೀ ಸಿಬ್ಬಂದಿ ಟೆಲಿಫೋನಿನ ಸುತ್ತ ಕಾರಣವಿಲ್ಲದೆ ನಿಂತಿರುವುದನ್ನು ಕರ್ತವ್ಯಲೋಪವೆಂದು ಇಂದು ಮಾತ್ರ ಪರಿಗಣಿಸಲಾಗುವುದಿಲ್ಲ.

ಸಹಿ/-
(ಮೆಹರಬಾನು, ಬಿ.ಎಸ್ಸಿ.)
ಕಚೇರಿ ಮುಖ್ಯಸ್ಥರು, ಸಿಂಧನೂರು

ಪ್ರತಿಗಳು:

೧. ಮೇಲಧಿಕಾರಿಗಳಿಗೆ, ಅವರು ಓದುವುದಿಲ್ಲವೆಂಬ ಭರವಸೆಯೊಂದಿಗೆ.

೨. ಮಸ್ಕಿಯಿಂದ ಬರುವ ಬೆಳಗಿನ ಬಸ್ಸಿನ ನಿರ್ವಾಹಕರಿಗೆ. ಶ್ರೀಮತಿ ಹುಸೇನಮ್ಮನವರ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕದೆ ಒಳಗೆ ನೆರಳಿನಲ್ಲಿ ಇಡಲು ಕೋರಿ.

೩. ಶ್ರೀಮತಿ ಹುಸೇನಮ್ಮನವರಿಗೆ, ಓದಿ ಹೇಳುವುದು. ಪ್ರತಿಯಲ್ಲಿ ಸೊಪ್ಪು ಕಟ್ಟಿಕೊಡಕೂಡದು.

೪. ಆಡಿನ ಮಾಲೀಕರಿಗೆ, ಖುದ್ದಾಗಿ ಅವರ ಕೈಗೇ.

೫. ಶ್ರೀಮತಿ ಮುದುಕಮ್ಮನವರಿಗೆ, ಹೊಲದ ವಿಳಾಸಕ್ಕೆ.

೬. ಶ್ರೀಮತಿ ಗಾಳೆಮ್ಮನವರಿಗೆ. ಲಗ್ನದ ತಾರೀಕನ್ನು ಜೂನ್‌ಗಿಂತ ಮೊದಲೂ ನೋಡಬಹುದೆಂದು ತಿಳಿಸಿ.

೭. ಶ್ರೀ ಗ್ಯಾನಪ್ಪನವರಿಗೆ. ("ಪ್ರಥಮ ದರ್ಜೆ ಸಹಾಯಕರು, ಸಿಂಧನೂರು" ಎಂಬ ಬೆರಳಚ್ಚನ್ನು ಹೊಡೆದುಹಾಕಿ "ಅಧೀಕ್ಷಕರು, ಲಿಂಗಸುಗೂರು" ಎಂದು ಶಾಯಿಯಲ್ಲಿ ತಿದ್ದಲಾಗಿದೆ.) ಸದರಿಯವರು ಇಂದು ಬೆಳಿಗ್ಗೆ ೧೦-೨೪ಕ್ಕೆ ಹಾಜರಾಗಿರುವುದಾಗಿ ೧೧-೧೫ಕ್ಕೆ ಟೆಲಿಫೋನಿನ ಮೂಲಕ ವರದಿ ಮಾಡಿರುತ್ತಾರೆ. ಅಲ್ಲಿನ ಕಚೇರಿ ಮೇಲಂತಸ್ತಿನಲ್ಲಿದೆ, ಮೆಟ್ಟಿಲು ಮೂವತ್ತೊಂದು. ನಡುವೆ ಎಲ್ಲೂ ನಿಲ್ಲದೆ ಹತ್ತಿ, ಮೇಲೆ ನಿಂತು, ಗೋಡೆ ಗಡಿಯಾರ ನೋಡಿಕೊಂಡು ಅವರೇ ಎಣಿಸಿದ ನಾಡಿಬಡಿತ: ನಿಮಿಷಕ್ಕೆ ೯೪.